ಟೇಪು ಹಿಡಿದು ಗೋಡೆ ಅಳೆದೆ

"ಯಾರ್ಡ್ ಎಲ್ಲಿ?" ಅಂತ ಆ ಗಿರಾಕಿ ಕೇಳಿದಾಗಲೇ ನನಗೆ ಎದೆ ಧಸಕ್ಕೆಂದಿತ್ತು.

ಮಾಡೆಲ್ ರೈಲಿನ ಲೇಔಟ್ ಕಟ್ಟಿಕೊಡುವುದು ನಮ್ಮ ವರ್ಕ್‌ಶಾಪಿನ ಕೆಲಸ. ಯಾರ್ಡ್ ಅಂದರೆ ಅದರಲ್ಲಿ ವ್ಯಾಗನ್ ಬಿಡಿಸಿ ಜೋಡಿಸುವ ಜಾಗ. ಈ ಗಿರಾಕಿ ವಯಸ್ಸಾದವರು, ಇದ್ದ ಜಾಗ 6 ಅಡಿಗೆ 3 ಅಡಿ. ಅವರು ಕೇಳಿದ್ದು ಎಚ್‌ಒ, ಅಂದರೆ ನಿಜದ ರೈಲಿನ 87ನೇ ಒಂದು ಭಾಗದ ಅಳತೆ. ಬೇಡ ಅಂದವನು ನಾನು. 20 ಮೀಟರಿನ ಬೋಗಿ 1:87ರಲ್ಲಿ 23 ಸೆಂಟಿಮೀಟರ್ ಆಗುತ್ತದೆ, ಎನ್ ಸ್ಕೇಲಿನ 1:160ರಲ್ಲಿ ಹನ್ನೆರಡೂವರೆ ಸಾಕು. ಬೆಟ್ಟ, ಸುರಂಗ, ಎಂಟು ಬೋಗಿಯ ರೈಲು ಎಲ್ಲ ಹಿಡಿಸುತ್ತೇನೆ ಅಂತ ಪ್ಲಾನ್ ಬಿಡಿಸಿ ತೋರಿಸಿದೆ. "ನಿಮಗೆ ಗೊತ್ತಿರುತ್ತೆ ಬಿಡಿ" ಅಂದರು. ಅದನ್ನು ಒಪ್ಪಿಗೆ ಅಂದುಕೊಂಡೆ.

ಹ್ಯಾಂಡೋವರ್ ದಿನ ರೈಲು ಚೆನ್ನಾಗೇ ಸುತ್ತಿತು. ಎರಡು ಸುತ್ತಿಗೆ ಅವರಿಗೆ ಸಾಕಾಯಿತು. ಯಾರ್ಡ್ ಅಂತ ಹೆಸರಿಗೆ ಎರಡು ಸೈಡಿಂಗ್ (ವ್ಯಾಗನ್ ನಿಲ್ಲಿಸುವ ಪಕ್ಕದ ಹಳಿ) ಮೂಲೆಯಲ್ಲಿಟ್ಟಿದ್ದೆ. ವ್ಯಾಗನ್ ಎಳೆದಾಡುವ ಪುಟ್ಟ ಇಂಜಿನ್, ಶಂಟರ್, ನಿಧಾನಕ್ಕೆ ಹೊರಟು, ಹಳಿ ಕವಲೊಡೆಯುವ ಪಾಯಿಂಟಿನ ಫ್ರಾಗ್ (ಹಳಿಗಳು ಒಂದನ್ನೊಂದು ದಾಟುವ ತುಂಡು) ಮೇಲೆ ನಿಂತುಬಿಟ್ಟಿತು. ಬೆರಳಲ್ಲಿ ತಳ್ಳಿದೆ. ಮುಂದಿನ ಪಾಯಿಂಟಿನಲ್ಲಿ ಮತ್ತೆ ನಿಂತಿತು. "ಧೂಳು ಇರಬೇಕು ಸರ್" ಅಂದೆ. ಹೊಸ ಲೇಔಟಿನಲ್ಲಿ ಎಂಥ ಧೂಳು! ಅಷ್ಟು ಹಗುರದ ಇಂಜಿನ್, ಹಳಿಯಿಂದ ಕರೆಂಟ್ ಎಳೆಯಲು ಇರುವುದು ನಾಲ್ಕೇ ಚಕ್ರ, ಫ್ರಾಗಿಗೆ ಕರೆಂಟ್ ಇಲ್ಲ. ಕರೆಂಟ್ ಕೊಟ್ಟರೆ ಖರ್ಚು ಜಾಸ್ತಿ ಅಂತ ನಮ್ಮ ವರ್ಕ್‌ಶಾಪಿನ ಮಾಲೀಕರೇ ಬೇಡ ಅಂದಿದ್ದರು.

ಅಷ್ಟರಲ್ಲಿ ಅವರೇ ಒಂದು ವ್ಯಾಗನ್ ಎತ್ತಿಕೊಂಡು ಹಳಿಗೆ ಕೂರಿಸಲು ಹೋದರು. 9 ಮಿಲಿಮೀಟರ್ ಹಳಿ, ನಡುಗುವ ಬೆರಳು. ಪಕ್ಕದ ಎರಡು ವ್ಯಾಗನ್ ಉರುಳಿದವು. ನಾನು ಕೈ ಚಾಚಿದೆ, ಬೇಡ ಅಂತ ತಲೆಯಾಡಿಸಿದರು. ಮತ್ತೆ ಕೂರಿಸಿದರು, ಮತ್ತೆ ವಾಲಿತು. ಮಾತಿಲ್ಲ. ನಾನು ಸುಮ್ನೆ ಸ್ಕ್ರೂಡ್ರೈವರ್ ಒರೆಸುತ್ತಾ ನಿಂತಿದ್ದೆ. ಅಡ್ವಾನ್ಸ್ ರಸೀತಿಗೆ ಸಹಿ ಹಾಕುವಾಗಲೇ ಆ ಕೈ ನಡುಗಿದ್ದನ್ನು ನೋಡಿದ್ದೆ. ನೋಡಿಯೂ ಟೇಪು ಹಿಡಿದು ಗೋಡೆ ಅಳೆದಿದ್ದೆ.

"ನೋಡೋಕೆ ಚೆನ್ನಾಗಿದೆ" ಅಂದರು ಕೊನೆಗೆ. ಬೈದಿದ್ದರೇ ವಾಸಿಯಿತ್ತು.

ಮತ್ತೆ ಕಟ್ಟಿದೆವು, ಎಚ್‌ಒದಲ್ಲೇ. ಬೆಟ್ಟ ಇಲ್ಲ, ಲೂಪ್ ಕೂಡ ಇಲ್ಲ. ಒಂದು ಇಂಗಲ್‌ನುಕ್ ಅಷ್ಟೇ, ಅಂದರೆ ವ್ಯಾಗನ್ ಹಿಂದೆಮುಂದೆ ಮಾಡಿ ಜೋಡಿಸುವ ಶಂಟಿಂಗ್ ಒಗಟು: 5, 3, 3 ವ್ಯಾಗನ್ ಹಿಡಿಯುವ ಮೂರು ಸೈಡಿಂಗ್, ಒಟ್ಟು 8 ವ್ಯಾಗನ್. ಚೀಟಿ ಎತ್ತಿ, ಬಂದ ಕ್ರಮದಲ್ಲಿ ಐದನ್ನು ಜೋಡಿಸುತ್ತಾ ಗಂಟೆಗಟ್ಟಲೆ ಕೂರುತ್ತಾರಂತೆ.

ಎನ್ ಲೇಔಟ್ ಈಗ ನಮ್ಮ ಶೋರೂಮಿನಲ್ಲಿದೆ. ಕೈಕಟ್ಟಿ ದೂರ ನಿಂತು, ಬೆಟ್ಟ ಬಳಸಿ ಬರುವ ಉದ್ದದ ರೈಲನ್ನೇ ನೋಡುತ್ತಾ ಮೈಮರೆಯುವವರೂ ಇದ್ದಾರೆ. ಅವರಿಗೆ ಅದೇ ಸರಿ. ನಮ್ಮ ಕೊಟೇಶನ್ ಫಾರ್ಮಿನಲ್ಲಿ ಕೋಣೆಯ ಅಳತೆಗೆ ಮೂರು ಕಾಲಂ ಇದೆ. ನೀವು ನೋಡುವವರಾ, ಶಂಟಿಂಗ್ ಮಾಡುವವರಾ ಅಂತ ಕೇಳಲು ಒಂದು ಕಾಲಂ ಹಾಕಿ ಅಂದೆ. ಫಾರ್ಮ್ ಈಗಾಗಲೇ ಪ್ರಿಂಟ್ ಆಗಿದೆಯಂತೆ.