ಡಬ್ಬದ ಮೇಲೆ ‘ಮಿಡಿ’ ಅಂತ ಬರೆದಿತ್ತು

14 ಜೂನ್ 2025, ಶನಿವಾರ
ಮೈಸೂರು

ಬೆಳಗ್ಗೆ ತಿಂಡಿ ಆದಮೇಲೆ ಅಮ್ಮ ಸಜ್ಜೆಯಿಂದ ಒಂದು ಪ್ಲಾಸ್ಟಿಕ್ ಡಬ್ಬ ಇಳಿಸಿ ನನ್ನ ಮುಂದೆ ಇಟ್ಟಳು. ಮೇಲೆ ನನ್ನದೇ ಅಕ್ಷರದಲ್ಲಿ ‘ಮಿಡಿ’ ಅಂತ ಬರೆದಿತ್ತು.

“ಉಪ್ಪಿನಕಾಯಿ ಇದೆ ಅಂತ ಇಷ್ಟು ವರ್ಷ ಮುಟ್ಟಿಲ್ಲ ಕಣೋ. ಇಷ್ಟು ಹಗುರ ಇದ್ಯಲ್ಲಾ ಅಂತ ಇವತ್ತು ಅನುಮಾನ ಬಂತು.”

ಒಳಗೆ ಏಳು ಫ್ಲಾಪಿ, ಹಿಂದೆ ಕಂಪ್ಯೂಟರ್ ಫೈಲು ಇಟ್ಟುಕೊಳ್ಳುತ್ತಿದ್ದ ಡಿಸ್ಕು. ಸುತ್ತಿದ್ದ ರಬ್ಬರ್ ಬ್ಯಾಂಡ್ ಕರಗಿ ಲೇಬಲ್ಲಿಗೆ ಅಂಟಿಕೊಂಡಿತ್ತು. ಲೋಹದ ಬಾಗಿಲು ಸರಿಸಿ ನೋಡಿದರೆ ಕಪ್ಪು ತಟ್ಟೆಯ ಮೇಲೆ ಬಿಳಿ ಚುಕ್ಕಿ, ಬೂಷ್ಟು. ಪುಣ್ಯಕ್ಕೆ ಎರಡು ವರ್ಷದ ಹಿಂದೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸುಮ್ನೆ ಆಸೆಗೆ ಅಂತ ಒಂದು ಯುಎಸ್‌ಬಿ ಫ್ಲಾಪಿ ಡ್ರೈವ್ ತಗೊಂಡಿದ್ದೆ. ಯಾಕೆ ದುಡ್ಡು ದಂಡ ಅಂತ ಹೆಂಡತಿ ಕೇಳಿದ್ದಳು. ಇವತ್ತು ಉತ್ತರ ಸಿಕ್ಕಿದೆ.

ಏಳರಲ್ಲಿ ಐದು ಓದಲಿಲ್ಲ. ಕರ್ ಕರ್ ಅಂತ ಅತ್ತು ಕೈಕೊಟ್ಟವು. ಎರಡು ತೆರೆದವು. ಒಂದರಲ್ಲಿ ನಲವತ್ತಮೂರು ಫೈಲು, ಎಲ್ಲ ಸೇರಿ ಒಂದು ಎಂಬಿ ಚಿಲ್ಲರೆ. ಇನ್ನೊಂದರಲ್ಲಿ ನಾಲ್ಕೇ ನಾಲ್ಕು: ಗೀತೆ1, ಗೀತೆ2, ಗೀತೆ3, ಗೀತೆ4. ಒಂದೊಂದೂ ಮೂರು ಕೆಬಿ. ಮಾವಿನ ಮಿಡಿ ಅಲ್ಲ, ಮಿಡಿ (MIDI) ಅನ್ನೋ ಪುಟ್ಟ ಸಂಗೀತದ ಫೈಲುಗಳು.

ಈ ನಾಲ್ಕರ ಕಥೆ ಬರೆದಿಡೋಣ ಅಂತ ಕೂತಿದ್ದೀನಿ.

1999. ನಾನು ಡಿಗ್ರಿ ಮೊದಲನೇ ವರ್ಷ. ಶನಿವಾರ ಮಧ್ಯಾಹ್ನ ನಾನೂ ಒಬ್ಬ ಗೆಳೆಯನೂ ದುಡ್ಡು ಸೇರಿಸಿ ಸೈಬರ್ ಕೆಫೆಗೆ ಹೋಗುತ್ತಿದ್ದೆವು. ಗಂಟೆಗೆ 40 ರೂಪಾಯಿ. ಫ್ಲಾಪಿ ಹಾಕಬೇಕು ಅಂದರೆ ಮೇಲೆ 5 ರೂಪಾಯಿ, ವೈರಸ್ ನೋಡೋದಕ್ಕೆ ಅಂತೆ. ಒಬ್ಬ ಮೌಸ್ ಹಿಡಿಯೋದು, ಇನ್ನೊಬ್ಬ ನೋಟ್‌ಬುಕ್ಕಿನಲ್ಲಿ ವಿಳಾಸ ಬರೆದುಕೊಳ್ಳೋದು. ಒಂದು ಸಲ ಜಿಯೋಸಿಟೀಸ್‌ನಲ್ಲಿ, ಅಂದರೆ ಯಾರು ಬೇಕಾದರೂ ಬಿಟ್ಟಿ ವೆಬ್‌ಪುಟ ಮಾಡಿಕೊಳ್ಳಬಹುದಾಗಿದ್ದ ತಾಣದಲ್ಲಿ, ಯಾವುದೋ ಪುಟ ತೆರೆದದ್ದೇ ತಡ, ಸ್ಪೀಕರಿನಿಂದ ಪಿಯಾನೋ ಶುರುವಾಯಿತು. ನಾವು ಏನೂ ಒತ್ತಿರಲಿಲ್ಲ. ಇಡೀ ಕೆಫೆ ತಿರುಗಿ ನೋಡಿತು. “ಸೌಂಡ್ ಕಮ್ಮಿ ಮಾಡ್ರೋ” ಅಂತ ಮಾಲೀಕರು ಕೂಗಿದರು. ಆದರೆ ನಿಲ್ಲಿಸಲು ಮನಸ್ಸು ಬರಲಿಲ್ಲ. ಜರ್ಮನಿಯ ಹಳೇ ಕಾಲದ ಸಂಗೀತಗಾರ ಬಾಖ್‌ನ ಸಂಗೀತ ಅದು. ಬಾಖ್ ಅಂದ್ರೆ ಯಾರು ಅಂತ ಆವತ್ತು ಇಬ್ಬರಿಗೂ ಗೊತ್ತಿರಲಿಲ್ಲ ಅನ್ನೋದು ಬೇರೆ ಮಾತು.

ಕೆಳಗೆ ಫೈಲಿನ ಅಳತೆ ಇತ್ತು: 18 ಕೆಬಿ. ಎಲ್ಲೋ ತಪ್ಪಾಗಿ ಹಾಕಿದ್ದಾರೆ ಅಂದುಕೊಂಡೆವು. ನಮಗೆ ಗೊತ್ತಿದ್ದ ಎಂಪಿ3 ಹಾಡು ಅಂದ್ರೆ ನಾಲ್ಕು ಎಂಬಿ. ಆ ಮೋಡೆಮ್ಮಿನಲ್ಲಿ ಅದನ್ನು ಇಳಿಸೋಕೆ ಅರ್ಧ ಗಂಟೆ, ಅಂದರೆ 20 ರೂಪಾಯಿ. ಇಳಿಸಿದರೂ 1.44 ಎಂಬಿ ಫ್ಲಾಪಿಗೆ ಹಿಡಿಯಲ್ಲ. ಇದು ಹತ್ತು ಸೆಕೆಂಡಿಗೆ ಬಂದು ಕೂತಿತು. ಆ ಗಂಟೆ ಮುಗಿಯುವಷ್ಟರಲ್ಲಿ ಹನ್ನೊಂದು ಹಾಡು ಜೇಬಿನಲ್ಲಿತ್ತು.

ಮನೆಗೆ ಬಂದು ಹಾಕಿದರೆ ಎಂಥ ಅವಸ್ಥೆ! ಪಿಯಾನೋ ಹೋಗಿ ಜಾತ್ರೆಯ ಪೀಪಿ ಬಂದಿತ್ತು. ಪಿಟೀಲು ಸೊಳ್ಳೆಯ ಹಾಗೆ ಕುಂಯ್ ಅಂತಿತ್ತು. ಫ್ಲಾಪಿ ಕೆಟ್ಟಿದೆ ಅಂದುಕೊಂಡು ಮುಂದಿನ ಶನಿವಾರ ಹೊಸ ಫ್ಲಾಪಿಗೆ ಮತ್ತೆ ಇಳಿಸಿದೆವು. ಅದೇ ಕುಂಯ್. ಕೆಫೆಯವರು ಏನೋ ಕಿತಾಪತಿ ಮಾಡಿದ್ದಾರೆ ಅಂತ ನನ್ನ ಗೆಳೆಯ ಜಗಳಕ್ಕೇ ಹೊರಟಿದ್ದ.

ಇಂಥ ಫೈಲಿಗೆ ಮಿಡಿ ಅಂತ ಹೆಸರು. ಮಿಡಿ ಬಗ್ಗೆ ಮಾತಾಡುವವರ ಒಂದು ಗುಂಪು ಯೂಸ್‌ನೆಟ್ ಅನ್ನೋ ಇಂಟರ್ನೆಟ್ ಚರ್ಚಾಕಟ್ಟೆಯಲ್ಲಿತ್ತು. ಅದನ್ನು ವೆಬ್‌ನಲ್ಲಿ ತೋರಿಸುತ್ತಿದ್ದ ಡೇಜಾ ನ್ಯೂಸ್ ತಾಣದ ಮೂಲಕ ಅಲ್ಲಿ ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದೆ. ಉತ್ತರ ಬಂದಿದೆಯಾ ಅಂತ ನೋಡೋಕೆ ಒಂದು ವಾರ ಕಾಯಬೇಕಿತ್ತು, ಶನಿವಾರ ಬಿಟ್ಟರೆ ಇಂಟರ್ನೆಟ್ ಇಲ್ಲವಲ್ಲ. ಹೋಗಿ ನೋಡಿದರೆ ನಾಲ್ಕು ಉತ್ತರ. ಒಬ್ಬರಂತೂ ಒಂದು ಪುಟ ಉದ್ದ ಬರೆದಿದ್ದರು. ಸಾರ ಇಷ್ಟು: ಆ ಫೈಲಿನೊಳಗೆ ಸದ್ದೇ ಇಲ್ಲ. ಯಾವ ಸ್ವರ, ಯಾವಾಗ ಒತ್ತಬೇಕು, ಎಷ್ಟು ಜೋರಾಗಿ, ಯಾವಾಗ ಬಿಡಬೇಕು, ಇಷ್ಟೇ ಇರೋದು. ನುಡಿಸುವುದು ನಿನ್ನ ಸೌಂಡ್ ಕಾರ್ಡಿನ ಕೆಲಸ.

ನಮ್ಮ ಸಂಗೀತ ಪಾಠದ ಪುಸ್ತಕದ ಹಾಗೇ ಅಲ್ವಾ? ಪುಸ್ತಕದಲ್ಲಿ ಸರಿಗಮ ಬರೆದಿರುತ್ತೆ, ಹಾಡೋದು ಕಂಠ. ಕೆಫೆಯ ಕಂಪ್ಯೂಟರಿನಲ್ಲಿ ಸೌಂಡ್ ಬ್ಲಾಸ್ಟರ್ ಎಡಬ್ಲ್ಯೂಇ64 ಅನ್ನೋ ಸೌಂಡ್ ಕಾರ್ಡ್ ಇತ್ತು. ಅದರಲ್ಲಿ ನಿಜವಾದ ವಾದ್ಯಗಳ ಧ್ವನಿಯ ತುಣುಕುಗಳೇ ಇದ್ದವು. ನಮ್ಮನೆಯ ಅಸೆಂಬಲ್ಡ್ ಪೆಟ್ಟಿಗೆಯಲ್ಲಿ ಯಮಹಾದ ಎಫ್ಎಂ ಚಿಪ್ಪು. ಅದು ಅಲೆಗಳನ್ನು ಕಲಸಿ ಪಿಟೀಲಿನ ಥರ ಏನೋ ಒಂದನ್ನು ತಯಾರಿಸುತ್ತಿತ್ತು. ಪುಸ್ತಕ ಒಂದೇ, ಕಂಠ ಬೇರೆ.

ಮಿಡಿ ಹುಟ್ಟಿದ್ದು ಇಂಟರ್ನೆಟ್ಟಿಗಾಗಿ ಅಲ್ಲ. ಬೇರೆ ಬೇರೆ ಕಂಪನಿಯ ಕೀಬೋರ್ಡುಗಳು ಒಂದರ ಮಾತು ಇನ್ನೊಂದಕ್ಕೆ ಅರ್ಥವಾಗಲಿ ಅಂತ. 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ಅನ್ನೋ ಸಂಗೀತವಾದ್ಯಗಳ ಮೇಳದಲ್ಲಿ ಅಲ್ಲಿನ ಕಂಪನಿ ಸೀಕ್ವೆನ್ಶಿಯಲ್ ಸರ್ಕಿಟ್ಸ್‌ನ ಒಂದು ಕೀಬೋರ್ಡನ್ನೂ ಜಪಾನಿನ ರೋಲ್ಯಾಂಡ್‌ನ ಒಂದು ಕೀಬೋರ್ಡನ್ನೂ ಒಂದು ವೈರಿನಲ್ಲಿ ಜೋಡಿಸಿ ತೋರಿಸಿದರು. ಒಂದನ್ನು ಒತ್ತಿದರೆ ಇನ್ನೊಂದೂ ನುಡಿಯಿತು. ಅದರ ಹಿಂದಿದ್ದ ಡೇವ್ ಸ್ಮಿತ್ ಮತ್ತು ಇಕುತಾರೋ ಕಾಕೆಹಾಶಿ ಇಬ್ಬರಿಗೂ 2013ರಲ್ಲಿ ಗ್ರ್ಯಾಮಿಯವರು ತಾಂತ್ರಿಕ ಪ್ರಶಸ್ತಿ ಕೊಟ್ಟರು. 1991ರಲ್ಲಿ ಜನರಲ್ ಮಿಡಿ ಅಂತ ಒಂದು ಪಟ್ಟಿ ಬಂತು. 128 ವಾದ್ಯ, ಒಂದೊಂದಕ್ಕೂ ಒಂದು ನಂಬರು. 1 ಅಂದರೆ ಪಿಯಾನೋ, 41 ಪಿಟೀಲು, ಎಲ್ಲಿ ಹೋದರೂ ಅದೇ.

ಆ ಪಟ್ಟಿಯ ಮೇಲೆ ನನಗೆ ಇವತ್ತಿಗೂ ಸಣ್ಣ ಸಿಟ್ಟಿದೆ. 105 ಸಿತಾರ್. 112 ಶಹನಾಯಿ. ಸರಿ. ವೀಣೆ ಇಲ್ಲ, ಮೃದಂಗ ಇಲ್ಲ. ಆದರೆ 126 ಹೆಲಿಕಾಪ್ಟರ್! 128 ಬಂದೂಕಿನ ಗುಂಡು! ಯಾರ ಕಛೇರಿಗೆ ಬೇಕಿತ್ತೋ.

ಆ ಲೋಕದ ಜನ ಮಾತ್ರ ಒಂದು ಥರ ವಿಚಿತ್ರ. ಕ್ಯಾಸೆಟ್ ಹಾಕಿಕೊಂಡು, ಹಿಂದೆ ಮುಂದೆ ಸುತ್ತಿ, ಕಿವಿಯಲ್ಲೇ ಕೇಳಿ ಒಂದೊಂದು ಸ್ವರ ಕೂರಿಸುವುದು. ಡ್ರಮ್ಮು ಬೇರೆ, ಬೇಸು ಬೇರೆ. ವಾರಗಟ್ಟಲೆ ಕೆಲಸ. ಆಮೇಲೆ ಬಿಟ್ಟಿ ಹಂಚಿಬಿಡೋದು. ಬದಲಿಗೆ ಅವರು ಕೇಳುತ್ತಿದ್ದದ್ದು ಒಂದು ಇಮೇಲು. ಅದನ್ನೂ ಎಲ್ಲಿ ಬರೆಯುತ್ತಿದ್ದರು ಅಂದ್ರೆ, ಫೈಲಿನ ಒಳಗೇ. ಪ್ರತಿ ಟ್ರ್ಯಾಕಿಗೂ ಒಂದು ಹೆಸರು ಕೊಡಬಹುದು. ಇವರು ಖಾಲಿ ಟ್ರ್ಯಾಕುಗಳನ್ನು ಮಾಡಿ ಹೆಸರಿನ ಜಾಗದಲ್ಲಿ ಕಾಗದ ಬರೆಯುತ್ತಿದ್ದರು. ಇವತ್ತು ಮಧ್ಯಾಹ್ನ ಒಂದು ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದೆ. ಮೊದಲ ನಾಲ್ಕು ಅಕ್ಷರ ಎಂಟಿಎಚ್‌ಡಿ, ಆಮೇಲೆ ಚೌಕ, ಚುಕ್ಕಿ, ಕಸ. ಕಸದ ನಡುವೆ ಇದ್ದಕ್ಕಿದ್ದಂತೆ ಒಂದು ಸಾಲು: ಬೇಸ್ ಸರಿ ಕೂತಿಲ್ಲ ಅಂತ ಗೊತ್ತು, ಯಾರಿಗಾದರೂ ಸರಿಯಾದದ್ದು ಕೇಳಿಸಿದರೆ ತಿದ್ದಿ ಕಳಿಸಿ.

ತಿದ್ದಿ ಕಳಿಸಿ. ಎಂಪಿ3ಗೆ ಯಾರೂ ಹಾಗೆ ಬರೆಯಲ್ಲ. ಅದನ್ನು ಕೇಳಬಹುದು ಅಷ್ಟೇ. ಮಿಡಿ ಫೈಲನ್ನು ಬಿಚ್ಚಬಹುದಿತ್ತು. ಬಲಗೈ ಮುಚ್ಚಿ ಎಡಗೈ ಏನು ಮಾಡುತ್ತಿದೆ ಅಂತ ಕೇಳಬಹುದು, ವೇಗ ಅರ್ಧಕ್ಕೆ ಇಳಿಸಬಹುದು, ಶ್ರುತಿ ಬದಲಾಗಲ್ಲ. ನಾನು ಬಾಖ್‌ನನ್ನು ಕೇಳೋಕೆ ಕಲಿತದ್ದೇ ಹಾಗೆ, ಒಂದೊಂದು ಕೈ ಮುಚ್ಚಿ.

ಇನ್ನು ನನ್ನ ಗೀತೆ. ಕಂಪ್ಯೂಟರ್ ಮ್ಯಾಗಜೀನಿನ ಜೊತೆ ಬಂದ ಸಿಡಿಯಲ್ಲಿ ಒಂದು ಸೀಕ್ವೆನ್ಸರ್, ಅಂದರೆ ಮಿಡಿ ಸ್ವರಗಳನ್ನು ಒಂದೊಂದಾಗಿ ಕೂರಿಸೋ ಸಾಫ್ಟ್‌ವೇರ್ ಇತ್ತು. ಅದರಲ್ಲಿ ನಾನೂ ಏನಾದರೂ ಮಾಡಬೇಕು ಅನ್ನಿಸಿತು. ನನಗೆ ಗಟ್ಟಿಯಾಗಿ ಬರುತ್ತಿದ್ದದ್ದು ಒಂದೇ, ಸಂಗೀತ ಕಲಿಯೋರಿಗೆ ಶುರುವಿನಲ್ಲೇ ಹೇಳಿಕೊಡೋ, ಮಲಹರಿ ರಾಗದ ಪಿಳ್ಳಾರಿ ಗೀತೆ. ಮಿಡಿಯಲ್ಲಿ ಒಂದೊಂದು ಸ್ವರಕ್ಕೂ ಒಂದು ನಂಬರು. ಷಡ್ಜಕ್ಕೆ 60 ಅಂತ ಇಟ್ಟುಕೊಂಡೆ. ಮ ಪ ದ ಸ ಅಂದರೆ 65, 67, 68, 72. ಶುದ್ಧ ರಿಷಭ ಮೇಲಿನದು 73. ರೂಪಕ ತಾಳ, ಆರು ಅಕ್ಷರ. ಮಿಡಿಯಲ್ಲಿ ಬೇರೆ ಬೇರೆ ವಾದ್ಯಕ್ಕೆ ಬೇರೆ ಬೇರೆ ದಾರಿ, ಅದಕ್ಕೆ ಚಾನಲ್ ಅಂತಾರೆ. ತಾಳವಾದ್ಯಕ್ಕೆ ಅಂತಲೇ ಮೀಸಲಾದ ಹತ್ತನೇ ಚಾನಲ್ಲಿನಲ್ಲಿ 39 ಅಂದರೆ ಚಪ್ಪಾಳೆ. ಒಂದನೇ ಅಕ್ಷರಕ್ಕೊಂದು, ಮೂರಕ್ಕೊಂದು. ಹುಸಿಗೂ, ಅಂದರೆ ಕೈ ತಿರುಗಿಸೋದಕ್ಕೂ, ಬೆರಳೆಣಿಕೆಗೂ ಸದ್ದಿಲ್ಲ, ಬಿಟ್ಟೆ. ಅದು ಗೀತೆ1.

ಧೈವತ ಕಂಬದ ಹಾಗೆ ನಿಂತಿದ್ದು ಇಷ್ಟವಾಗಲಿಲ್ಲ. ಸ್ವಲ್ಪ ಅಲ್ಲಾಡಿಸೋಣ ಅಂತ ಪಿಚ್ ಬೆಂಡ್ ಹಾಕಿದೆ. ಸ್ವರವನ್ನು ಮೇಲೆ ಕೆಳಗೆ ಎರಡು ಅರ್ಧಸ್ವರದವರೆಗೆ ಬಗ್ಗಿಸಬಹುದು. ಅದು ಗೀತೆ2. ಮಹಾ ಸಂಭ್ರಮದಿಂದ ನಮ್ಮ ಸಂಗೀತದ ಮೇಷ್ಟ್ರನ್ನು ಮನೆಗೆ ಕರೆದು ಕೇಳಿಸಿದೆ. ಅಮ್ಮ ಕಾಫಿ ತಂದಿಟ್ಟಳು. ಮೇಷ್ಟ್ರು ಕಣ್ಣು ಮುಚ್ಚಿ ಕೇಳುತ್ತಿದ್ದವರು ಮೂರನೇ ಸ್ವರಕ್ಕೇ ಕಣ್ಣು ಬಿಟ್ಟರು.

“ಏನಪ್ಪಾ ಇದು, ಶ್ರುತಿನೇ ಅಲ್ಲಾಡ್ತಾ ಇದೆ?”

“ಗಮಕ ಸಾರ್.”

“ಗಮಕ ಸ್ವರಕ್ಕೆ ಕಣಯ್ಯಾ. ತಂಬೂರಿಗಲ್ಲ.”

ಬೆಂಡ್ ಅನ್ನೋದು ಒಂದು ಸ್ವರಕ್ಕಲ್ಲ, ಇಡೀ ಚಾನಲ್ಲಿಗೆ. ತಂಬೂರಿಯನ್ನೂ ಹಾಡನ್ನೂ ನಾನು ಒಂದೇ ಚಾನಲ್ಲಿನಲ್ಲಿ ಕೂರಿಸಿದ್ದೆ. ಧೈವತ ಅಲ್ಲಾಡಿದಾಗೆಲ್ಲ ಸ-ಪ-ಸ ಕೂಡ ಹಡಗಿನ ಮೇಲಿದ್ದ ಹಾಗೆ ಅಲ್ಲಾಡುತ್ತಿತ್ತು. ಯಾಕೆ ಹೀಗೆ ಅಂತ ನನಗೆ ಆಗ ಗೊತ್ತಾಗಲಿಲ್ಲ. ಫೈಲನ್ನು ಜಿಯೋಸಿಟೀಸಿಗೆ ಹಾಕಿ, ಯಾರಾದರೂ ನೋಡಿ ಅಂತ ಅದೇ ಗುಂಪಿನಲ್ಲಿ ಬರೆದೆ.

ಎರಡು ಶನಿವಾರ ಏನೂ ಇಲ್ಲ. ಮೂರನೇ ಶನಿವಾರ ಇಮೇಲಿಗೆ ಒಂದು ಫೈಲು ಬಂತು. ಕಳಿಸಿದವರು ಯಾವ ದೇಶದವರೋ ನನಗೆ ತಿಳಿಯಲೇ ಇಲ್ಲ. ತಂಬೂರಿಯನ್ನು ಬೇರೆ ಚಾನಲ್ಲಿಗೆ ಹಾಕಿ, ಸಿತಾರಿನ ನಂಬರು ಕೊಟ್ಟು, ಮೆಲ್ಲಗೆ ಮಾಡಿದ್ದರು. ಶ್ರುತಿ ನೆಟ್ಟಗೆ ನಿಂತಿತು. ಕುಣಿದಾಡಿಬಿಟ್ಟೆ. ಆದರೆ ಒಂದು ಖಾಲಿ ಟ್ರ್ಯಾಕಿನ ಹೆಸರಿನಲ್ಲಿ ಒಂದು ಮಾತು ಬರೆದಿದ್ದರು: ಎರಡನೇ ಸ್ವರ ಮೊದಲನೆಯದಕ್ಕೆ ತೀರಾ ಅಂಟಿಕೊಂಡಿದೆ, ಕೈತಪ್ಪು ಅಂದುಕೊಂಡು ಸರಿಮಾಡಿದ್ದೇನೆ. 73 ಇದ್ದಕಡೆಯೆಲ್ಲ 74. ರಾಗವೇ ಹೋಯಿತು! ಅದು ಗೀತೆ3. ಮೇಷ್ಟ್ರಿಗೆ ಕೇಳಿಸಿದೆ. “ಶ್ರುತಿ ತುಂಬಾ ಚೆನ್ನಾಗಿದೆ. ಮಲಹರಿ ಎಲ್ಲಿ ಕಳಕೊಂಡೆ?” ಅಂದರು.

ರಿಷಭ ಅಲ್ಲೇ ಇರಬೇಕು, ಅದೇ ಅದರ ಚೆಂದ ಅಂತ ವಾಪಸ್ ಬರೆಯೋದಕ್ಕೆ ನನಗೆ ಅರ್ಧ ಗಂಟೆ ಹಿಡಿಯಿತು. 20 ರೂಪಾಯಿ. 73 ಹಾಕಿ, ಅವರ ತಂಬೂರಿ ಉಳಿಸಿಕೊಂಡು ಕಳಿಸಿದೆ. ಗೀತೆ4. ಒಂದು ವಾರದ ಮೇಲೆ ಒಂದೇ ಸಾಲಿನ ಉತ್ತರ: ಈಗ ಕೇಳಿಸುತ್ತಿದೆ. ಅಷ್ಟೇ. ಆಮೇಲೆ ನಾನು ಪರೀಕ್ಷೆ, ಪ್ರಾಜೆಕ್ಟು ಅಂತ ಹೋದೆ. ಅವರೂ ಬರೆಯಲಿಲ್ಲ. ಜಿಯೋಸಿಟೀಸನ್ನು ಯಾಹೂ 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಹಾಗಾಗಿ ಈ ನಾಲ್ಕು ಫೈಲು ಇರೋದು ಈ ಉಪ್ಪಿನಕಾಯಿ ಡಬ್ಬದಲ್ಲಿ ಮಾತ್ರ.

ರಾತ್ರಿ 10.45

ಊಟ ಆದಮೇಲೆ ನಾಲ್ಕನ್ನೂ ಲ್ಯಾಪ್‌ಟಾಪಿನಲ್ಲಿ ಕೇಳಿದೆ. ವಿಂಡೋಸಿನಲ್ಲಿ ಇವತ್ತಿಗೂ ಒಂದು ಪುಟ್ಟ ಮಿಡಿ ಸಿಂಥಸೈಜರ್ ಸುಮ್ನೆ ಕೂತಿದೆ, ರೋಲ್ಯಾಂಡಿನವರ ಧ್ವನಿಗಳು. ಪಿಟೀಲು ಪಿಟೀಲಿನ ಹಾಗೇ ಕೇಳಿಸಿತು. ಅಮ್ಮ ಬಾಗಿಲಲ್ಲಿ ನಿಂತು ಕೈಯಲ್ಲಿ ತಾಳ ಹಾಕಿದಳು, ಹುಸಿಯನ್ನೂ ಬಿಡದೆ.

ಗೀತೆ4ನ್ನು ಗೆಳೆಯನಿಗೆ ವಾಟ್ಸಾಪ್ ಮಾಡಿದೆ. ಈಗ ಟೊರಾಂಟೋದಲ್ಲಿದ್ದಾನೆ, ಅಲ್ಲಿ ಮಧ್ಯಾಹ್ನ. “ಏನೋ ಇದು, ಓಪನ್ನೇ ಆಗ್ತಿಲ್ಲ” ಅಂತ ಬಂತು. ಎಂಪಿ3 ಮಾಡಿ ಕಳಿಸಿದೆ. ಮೂರು ಕೆಬಿ ಇದ್ದದ್ದು ಒಂದು ಎಂಬಿ ಆಯಿತು. ಐದು ನಿಮಿಷ ಬಿಟ್ಟು ಫೋನೇ ಮಾಡಿದ.

“ಮಗಾ, ಇದಲ್ಲ ಕಣೋ ಅದು.”

“ಅದೇ ಕಣೋ. ಒಂದು ಸ್ವರನೂ ಮುಟ್ಟಿಲ್ಲ.”

“ಸ್ವರ ಅಲ್ವೋ. ನಿಮ್ಮನೇಲಿ ಕುಂಯ್ ಕುಂಯ್ ಅಂತಿತ್ತಲ್ಲ, ಆ ಸೌಂಡು. ಅದರಲ್ಲೇ ಬೇಕು ನಂಗೆ.”

ಆ ಯಮಹಾ ಚಿಪ್ಪಿನ ಸದ್ದನ್ನು ಹಾಗೇ ಅನುಕರಿಸುವ ಸಾಫ್ಟ್‌ವೇರ್‌ಗಳಿವೆ. ನಾಳೆ ಭಾನುವಾರ, ಒಂದನ್ನು ಹಾಕಿ ನೋಡಬೇಕು. ಡಬ್ಬ ತೊಳೆದು ಕೊಡು ಅಂತ ಅಮ್ಮ ಬೇರೆ ಹೇಳಿದ್ದಾಳೆ.