ವಿದೇಶದಲ್ಲಿ ಓದಲು ಯಾವ ಊರು ಒಳ್ಳೆಯದು? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಮಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಮಾಡುವ ನನ್ನ ಬಳಿಗೆ ಡಿಸೆಂಬರ್ ಹೊತ್ತಿಗೆ ಶಿಫಾರಸು ಪತ್ರ ಕೇಳಿಕೊಂಡು ವಿದ್ಯಾರ್ಥಿಗಳು ಬರುತ್ತಾರೆ; ಏಪ್ರಿಲ್, ಮೇ ತಿಂಗಳಲ್ಲಿ ಅವರ ತಂದೆತಾಯಂದಿರು ಬರುತ್ತಾರೆ. ಮಕ್ಕಳು ಕೇಳುವುದು ವಿಶ್ವವಿದ್ಯಾಲಯದ ಬಗ್ಗೆ, ಹೆತ್ತವರು ಕೇಳುವುದು ಊರಿನ ಬಗ್ಗೆ. "ಸರ್, ಮಗನಿಗೆ ಜರ್ಮನಿಯ ಮ್ಯೂನಿಕ್‌ನಲ್ಲಿ ಸೀಟು ಸಿಕ್ಕಿದೆ, ಮಾಗ್ಡೆಬರ್ಗ್ ಅಂತ ಇನ್ನೊಂದು ಕಡೆಯೂ ಸಿಕ್ಕಿದೆ. ಯಾವ ಊರಿಗೆ ಕಳಿಸಿದರೆ ಒಳ್ಳೆಯದು?" ಊರುಗಳ ಹೆಸರು ಬದಲಾಗುತ್ತದೆ, ಒಮ್ಮೆ ಡಬ್ಲಿನ್ ಮತ್ತು ಲಿಮರಿಕ್, ಇನ್ನೊಮ್ಮೆ ಲಂಡನ್ ಮತ್ತು ಶೆಫೀಲ್ಡ್, ಪ್ರಶ್ನೆ ಮಾತ್ರ ಅದೇ. ನನ್ನ ಉತ್ತರವೂ ಬಹುಪಾಲು ಅದೇ ಆಗಿರುತ್ತದೆ: ಎರಡು ಕಡೆಯ ಕೋರ್ಸುಗಳೂ ಹೆಚ್ಚುಕಡಿಮೆ ಒಂದೇ ತೂಕದವಾಗಿದ್ದರೆ, ವಿಮಾನ ಹತ್ತುವ ಮೊದಲೇ ಕೈಗೆಟುಕುವ ಬಾಡಿಗೆಯಲ್ಲಿ ಒಂದು ಕೋಣೆ ಗೊತ್ತುಮಾಡಿಕೊಳ್ಳಬಹುದಾದ ಊರನ್ನು ಆರಿಸಿ.

ಇದನ್ನು ಕೇಳಿ ಅನೇಕರು ನಿರಾಶರಾಗುತ್ತಾರೆ. ಇಷ್ಟು ದೊಡ್ಡ ನಿರ್ಧಾರಕ್ಕೆ ಬಾಡಿಗೆ ಕೋಣೆಯಂಥ ಸಣ್ಣ ಅಳತೆಗೋಲೇ ಎಂಬ ಭಾವ ಅವರ ಮುಖದಲ್ಲಿ ಕಾಣುತ್ತದೆ. ನಮ್ಮ ಕರಾವಳಿಯ ಮಟ್ಟಿಗೆ ಇದಕ್ಕೊಂದು ಕಾರಣವಿದೆ ಎಂದು ನನಗನ್ನಿಸುತ್ತದೆ. ಇಲ್ಲಿಂದ ಬೊಂಬಾಯಿಗೆ ಹೋದ ತಲೆಮಾರಿನ ಹುಡುಗರಲ್ಲಿ ಎಷ್ಟೋ ಮಂದಿ ಹೋಟೆಲಿನಲ್ಲಿ ದುಡಿದು, ಅಲ್ಲಿಯೇ ಮಲಗಿ, ರಾತ್ರಿ ಶಾಲೆಯಲ್ಲಿ ಓದಿದರು. ಗಲ್ಫ್‌ಗೆ ಹೋದವರಿಗೆ ಸಾಮಾನ್ಯವಾಗಿ ವೀಸಾ ಕಳಿಸಿದ ಕಂಪೆನಿಯೇ ಅಕಾಮಡೇಶನ್ ಕೊಡುತ್ತಿತ್ತು, ಕೆಲಸದ ಸ್ಥಳಕ್ಕೆ ಬಸ್ಸನ್ನೂ ಬಿಡುತ್ತಿತ್ತು. ಹೀಗಾಗಿ ಹೊರಗೆ ಹೋಗುವವನು ತನ್ನ ಸೂರನ್ನು ತಾನೇ ಹುಡುಕಿಕೊಳ್ಳಬೇಕು ಎಂಬ ಯೋಚನೆ ನಮ್ಮ ಮನೆಗಳಲ್ಲಿ ಬೆಳೆಯಲೇ ಇಲ್ಲ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ಕರ್ಣಾಟಕ, ವಿಜಯಾ ಎಂದು ಸಾಲುಸಾಲು ಬ್ಯಾಂಕುಗಳು ಹುಟ್ಟಿದ ನೆಲ ನಮ್ಮದು. ಶಿಕ್ಷಣ ಸಾಲದ ಬಡ್ಡಿಯನ್ನು ಪೈಸೆಗೆ ಪೈಸೆ ಲೆಕ್ಕ ಹಾಕಿಕೊಂಡು ಬರುವ ತಂದೆಯ ಕಾಗದದಲ್ಲಿ ಬಾಡಿಗೆಯ ಜಾಗ ಮಾತ್ರ ಖಾಲಿ ಇರುತ್ತದೆ.

ಮಣಿಪಾಲವನ್ನು ನೋಡಿದವರಿಗೆ ಇದು ಬೇಗ ಅರ್ಥವಾಗಬೇಕು. ಉಡುಪಿಯಿಂದ ಐದು ಕಿಲೋಮೀಟರ್ ದೂರದ ಆ ಗುಡ್ಡದ ಮೇಲೆ ಹಾಸ್ಟೆಲ್ ಸಿಗದವರು ವಿದ್ಯಾರತ್ನ ನಗರ, ಈಶ್ವರ ನಗರಗಳಲ್ಲಿ ಹುಡುಕಿ, ಅಲ್ಲಿಯ ಬಾಡಿಗೆ ಕೇಳಿ ಪರ್ಕಳಕ್ಕೋ ಉಡುಪಿಗೋ ಇಳಿಯುತ್ತಾರೆ. ವಿದ್ಯಾರ್ಥಿಗಳು ಸೇರಿದ ಕಡೆ ಬಾಡಿಗೆ ಏರುತ್ತದೆ ಎಂಬ ಈ ಸರಳ ನಿಯಮ ಯುರೋಪಿನಲ್ಲೂ ನಡೆಯುತ್ತದೆ. ವ್ಯತ್ಯಾಸ ಏನೆಂದರೆ, ಪರ್ಕಳದಲ್ಲಿ ಪರಿಚಯದವರು ಫೋನ್ ಮಾಡಿದರೆ ಕೋಣೆಯ ಬೀಗ ತೆರೆಯುತ್ತದೆ, ಮ್ಯೂನಿಕ್‌ನಲ್ಲಿ ತೆರೆಯುವುದಿಲ್ಲ.

ಈಗ ಆ ತಂದೆ ಕೇಳಿದ ಎರಡು ಊರುಗಳನ್ನೇ ನೋಡೋಣ. ಜರ್ಮನಿಯ ವಿದ್ಯಾರ್ಥಿ ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ (ಮೊದಲೇ ಹಣವಿಟ್ಟು, ತಿಂಗಳಿಗೆ ಇಂತಿಷ್ಟೇ ತೆಗೆಯಬಹುದಾದ ಖಾತೆ) ವರ್ಷಕ್ಕೆ 11,904 ಯೂರೋ ಇಡಬೇಕೆಂಬ ನಿಯಮ 2024ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಅದರಿಂದ ತಿಂಗಳಿಗೆ ಬಿಡುಗಡೆಯಾಗುವುದು 992 ಯೂರೋ. ಈ ಮೊತ್ತ ಇಡೀ ದೇಶಕ್ಕೆ ಒಂದೇ. ಮ್ಯೂನಿಕ್‌ಗೆ ಹೋಗುವವನೆಂದು ಹೆಚ್ಚು ಕೇಳುವುದಿಲ್ಲ, ಸಣ್ಣ ಊರಿಗೆ ಹೋಗುವವನೆಂದು ಬಿಟ್ಟುಕೊಡುವುದೂ ಇಲ್ಲ. ಆದರೆ ಮ್ಯೂನಿಕ್‌ನಲ್ಲಿ ನಾಲ್ಕಾರು ಜನ ಹಂಚಿಕೊಂಡ ಮನೆಯಲ್ಲಿ ಒಂದು ಕೋಣೆಗೆ 700ರಿಂದ 800 ಯೂರೋ ಕೊಡಬೇಕಾಗುತ್ತದೆ. ಮಾಗ್ಡೆಬರ್ಗ್, ಕೆಮ್ನಿಟ್ಸ್‌ನಂಥ ಊರುಗಳಲ್ಲಿ ಅಂಥದೇ ಕೋಣೆ 300ರ ಆಸುಪಾಸಿನಲ್ಲಿ ಸಿಗುತ್ತದೆ. ಕಡ್ಡಾಯ ಆರೋಗ್ಯ ವಿಮೆಗೆ ಎಲ್ಲ ಕಡೆಯೂ ತಿಂಗಳಿಗೆ ಸುಮಾರು 140 ಯೂರೋ ಹೋಗುತ್ತದೆ. 992ರಲ್ಲಿ ಇವೆರಡನ್ನು ಕಳೆದರೆ ಒಂದು ಊರಿನಲ್ಲಿ ಊಟ, ಓಡಾಟಗಳಿಗೆ ಐನೂರಕ್ಕಿಂತ ಹೆಚ್ಚು ಉಳಿಯುತ್ತದೆ, ಇನ್ನೊಂದರಲ್ಲಿ ಐವತ್ತೋ ನೂರೈವತ್ತೋ. ಸಾಲದೆಂಬಂತೆ ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವು 2024–25ರ ಚಳಿಗಾಲದ ಸೆಮಿಸ್ಟರ್‌ನಿಂದ ಐರೋಪ್ಯ ಒಕ್ಕೂಟದ ಹೊರಗಿನಿಂದ ಹೊಸದಾಗಿ ಸೇರುವವರಿಗೆ ಸ್ನಾತಕೋತ್ತರ ಕೋರ್ಸುಗಳಲ್ಲಿ ಸೆಮಿಸ್ಟರಿಗೆ 4,000ದಿಂದ 6,000 ಯೂರೋ ಶುಲ್ಕವನ್ನೂ ಇಟ್ಟಿದೆ. "ಜರ್ಮನಿಯಲ್ಲಿ ಫೀಸೇ ಇಲ್ಲವಂತೆ" ಎಂಬ ಮಾತು ಆ ವಿಳಾಸಕ್ಕೆ ಈಗ ಅನ್ವಯಿಸುವುದಿಲ್ಲ.

ಬ್ರಿಟನ್ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕವಾಗಿದೆ. ಅದರ ವೀಸಾ ನಿಯಮವೇ ಊರನ್ನು ಎರಡಾಗಿ ಭಾಗ ಮಾಡಿದೆ: 2025ರ ನವೆಂಬರ್‌ನಿಂದ ಲಂಡನ್‌ನಲ್ಲಿ ಓದುವವರು ತಿಂಗಳಿಗೆ 1,529 ಪೌಂಡ್, ಹೊರಗೆ ಓದುವವರು 1,171 ಪೌಂಡ್ ಖರ್ಚಿಗೆ ಇದೆಯೆಂದು ತೋರಿಸಬೇಕು. ಒಂಬತ್ತು ತಿಂಗಳ ಲೆಕ್ಕದಲ್ಲಿ ವ್ಯತ್ಯಾಸ 3,222 ಪೌಂಡ್ ಆಗುತ್ತದೆ. ಇದು ಸರ್ಕಾರ ಒಪ್ಪಿಕೊಂಡ ವ್ಯತ್ಯಾಸ. ಮನೆ ಮಾಲೀಕರು ಒಪ್ಪಿಸುವ ವ್ಯತ್ಯಾಸ ಇನ್ನೂ ಹೆಚ್ಚು. ಐರ್ಲೆಂಡಿನ ಡಬ್ಲಿನ್‌ನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ಕೋಣೆ ಸಿಕ್ಕಿದ ಮೇಲೆಯೇ ಟಿಕೆಟ್ ತೆಗೆಯಿರಿ.

"ದೊಡ್ಡ ಊರಿನಲ್ಲಿ ಪಾರ್ಟ್ ಟೈಮ್ ಕೆಲಸ ಸಿಗುತ್ತದಲ್ಲ, ಬಾಡಿಗೆ ಅದರಲ್ಲೇ ಹೋಗುತ್ತದೆ" ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಜರ್ಮನಿಯ ಸಣ್ಣ ಊರುಗಳಲ್ಲಿ ಜರ್ಮನ್ ಮಾತನಾಡಲು ಬಾರದವನಿಗೆ ಗೋದಾಮು, ಅಡುಗೆಮನೆಗಳ ಹೊರತು ಕೆಲಸ ಸಿಗುವುದು ಕಷ್ಟ. ಇಂಗ್ಲಿಷಿನಲ್ಲೇ ನಡೆಯುವ ಕಂಪೆನಿಗಳು ಮ್ಯೂನಿಕ್, ಬರ್ಲಿನ್‌ಗಳಲ್ಲಿ ಹೆಚ್ಚು. ಆದರೆ ಕೆಲಸದ ಅವಧಿಗೆ ಕಾನೂನಿನ ಮಿತಿಯಿದೆ, ವರ್ಷಕ್ಕೆ 140 ಪೂರ್ಣ ದಿನಗಳು. ಮೊದಲ ಸೆಮಿಸ್ಟರಿನ ಪರೀಕ್ಷೆಗಳೂ ಅದೇ ದಿನಗಳನ್ನು ಕೇಳುತ್ತವೆ. ಅಮೆರಿಕದಲ್ಲಂತೂ ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ಮೊದಲ ವರ್ಷ ಕ್ಯಾಂಪಸ್ಸಿನ ಹೊರಗೆ ದುಡಿಯುವಂತೆಯೇ ಇಲ್ಲವಾದ್ದರಿಂದ ನ್ಯೂಯಾರ್ಕ್ ಎಷ್ಟು ದೊಡ್ಡದಾಗಿದ್ದರೂ ಆ ವರ್ಷದ ಬಾಡಿಗೆಗೆ ಅದರಿಂದ ಪ್ರಯೋಜನವಿಲ್ಲ. ಓದು ಮುಗಿದ ಮೇಲಿನ ಕೆಲಸದ ಮಾತು ಬೇರೆ. ಪದವಿಯ ನಂತರ ಉದ್ಯೋಗ ಹುಡುಕಲು ಜರ್ಮನಿ 18 ತಿಂಗಳ ಅವಕಾಶ ಕೊಡುತ್ತದೆ, ಆ ಹುಡುಕಾಟ ಯಾವ ಊರಿನಲ್ಲಾದರೂ ನಡೆಯಬಹುದು. ಮಾಗ್ಡೆಬರ್ಗ್‌ನಲ್ಲಿ ಓದಿದವನು ಸ್ಟುಟ್‌ಗಾರ್ಟ್‌ಗೆ ಹೋಗಿ ದುಡಿಯಲು ಯಾರೂ ತಡೆಯುವುದಿಲ್ಲ.

ಆಸ್ಟ್ರೇಲಿಯಾದಲ್ಲಿ ಮಾತ್ರ ಊರಿನ ಆಯ್ಕೆಯೇ ಮುಂದಿನ ವೀಸಾಕ್ಕೆ ತಾಗುತ್ತದೆ. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್‌ಗಳನ್ನು ಬಿಟ್ಟು ಉಳಿದೆಡೆ ಓದಿ ಅಲ್ಲೇ ನೆಲೆಸಿದ ಪದವೀಧರರಿಗೆ ಹೆಚ್ಚುವರಿ ಅವಧಿಯ ವೀಸಾಕ್ಕೆ ದಾರಿಯಿದೆ, ಮತ್ತು ಈ "ಪ್ರಾದೇಶಿಕ" ಊರುಗಳ ಪಟ್ಟಿಯಲ್ಲಿ ಪರ್ತ್, ಅಡಿಲೇಡ್‌ಗಳೂ ಇವೆ. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರಿರುವ ಪರ್ತನ್ನು ಹಳ್ಳಿಗಾಡಿನ ಲೆಕ್ಕಕ್ಕೆ ಸೇರಿಸುವ ಸರ್ಕಾರಕ್ಕೆ ನಮ್ಮ ಮಂಗಳೂರು ಹೇಗೆ ಕಂಡೀತೋ!

ಕೋಣೆ ಎಂದರೆ ತಲೆಯ ಮೇಲಿನ ಸೂರು ಮಾತ್ರವಲ್ಲ, ಅದು ಕಾಗದಪತ್ರವೂ ಹೌದು. ಜರ್ಮನಿಯಲ್ಲಿ ಮನೆಗೆ ಬಂದ ಎರಡು ವಾರಗಳೊಳಗೆ ವಿಳಾಸವನ್ನು ನಗರ ಕಚೇರಿಯಲ್ಲಿ ನೋಂದಾಯಿಸಬೇಕು. ಅದಕ್ಕೆ ಮನೆ ಕೊಟ್ಟವನು ಸಹಿ ಹಾಕಿದ ಒಂದು ಪುಟದ ದೃಢೀಕರಣ ಬೇಕು. ಗೆಳೆಯನ ಕೋಣೆಯ ನೆಲದಲ್ಲಿ ಹಾಸಿಗೆ ಹಾಸಿಕೊಂಡವನಿಗೆ ಆ ಸಹಿ ಸಿಗುವುದಿಲ್ಲ. ನೋಂದಣಿ ಇಲ್ಲದಿದ್ದರೆ ತೆರಿಗೆ ಸಂಖ್ಯೆ ತಡವಾಗುತ್ತದೆ, ನಿವಾಸ ಪರವಾನಗಿಯ ಅರ್ಜಿ ಮುಂದೆ ಹೋಗುತ್ತದೆ. ಈ ಆತಂಕವೇ ಮೋಸಗಾರರ ಬಂಡವಾಳ. ನನ್ನ ಒಬ್ಬ ಹಳೆಯ ವಿದ್ಯಾರ್ಥಿನಿ ತೋರಿಸಿದ ಮಿಂಚಂಚೆಯಲ್ಲಿ ಬೆಳಕು ತುಂಬಿದ ಕೋಣೆಯ ಐದಾರು ಚಿತ್ರಗಳಿದ್ದವು, ಬಾಡಿಗೆ ಮಾರುಕಟ್ಟೆಯ ಅರ್ಧದಷ್ಟಿತ್ತು, ಮಾಲೀಕ ಕೆಲಸದ ಮೇಲೆ ಬೇರೆ ದೇಶದಲ್ಲಿದ್ದಾನಂತೆ, ಎರಡು ತಿಂಗಳ ಡಿಪಾಸಿಟ್ ಕಳಿಸಿದರೆ ಬೀಗದ ಕೈ ಕೊರಿಯರಿನಲ್ಲಿ ಬರುತ್ತದಂತೆ. ಪಾಸ್‌ಪೋರ್ಟಿನ ಪ್ರತಿಯನ್ನೂ ಲಗತ್ತಿಸಿದ್ದ. ಆಕೆ ಚಿತ್ರಗಳನ್ನು ಹುಡುಕಿ ನೋಡಿದಾಗ ಅವೇ ಚಿತ್ರಗಳು ಬೇರೊಂದು ನಗರದ ಹೋಟೆಲಿನ ಜಾಹೀರಾತಿನಲ್ಲಿದ್ದವು. ಕೋಣೆ ನೋಡದೆ, ಅಥವಾ ಅಲ್ಲಿರುವ ಪರಿಚಿತರಿಂದ ನೋಡಿಸದೆ ಒಂದು ಯೂರೋ ಕೂಡ ಕಳಿಸಬಾರದು.

ಮ್ಯೂನಿಕ್ಕೇ ಬೇಕೆಂದು ಹಟ ಹಿಡಿದವರು ಹತ್ತಿರದ ಆಗ್ಸ್‌ಬರ್ಗ್‌ನಲ್ಲಿ ಇದ್ದು ಓಡಾಡುವುದುಂಟು. 2023ರ ಮೇಯಲ್ಲಿ ಬಂದ ಡಾಯ್ಚ್‌ಲಾಂಡ್ ಟಿಕೆಟ್ ಎಂಬ ತಿಂಗಳ ಪಾಸಿನಿಂದ ರೀಜನಲ್ ರೈಲುಗಳಲ್ಲಿ ಇದು ಸಾಧ್ಯವಾಗಿದೆ, ಒಂದು ಗಂಟೆಯೊಳಗಿನ ದಾರಿ. ವೇಗದ ಐಸಿಇ ರೈಲಿಗೆ ಆ ಟಿಕೆಟ್ ನಡೆಯುವುದಿಲ್ಲ. ಪ್ರಯೋಗಾಲಯದಲ್ಲಿ ರಾತ್ರಿಯಾಗುವ ಕೋರ್ಸಿನವರು ಇದನ್ನು ಎರಡು ಸಲ ಯೋಚಿಸಬೇಕು.

"ಅಲ್ಲಿ ನಮ್ಮವರು ಯಾರಾದರೂ ಇದ್ದಾರಾ? ಊಟಕ್ಕೆ ಏನು ವ್ಯವಸ್ಥೆ ಉಂಟು?" ಎಂದು ತಾಯಂದಿರು ಕೇಳುತ್ತಾರೆ. ಊಟದ ಚಿಂತೆ ಬಿಡಬಹುದು; ಜರ್ಮನಿಯ ಅನೇಕ ಊರುಗಳ ಶ್ರೀಲಂಕಾ ತಮಿಳರ ಅಂಗಡಿಗಳಲ್ಲಿ ಕೆಂಪು ಕುಚ್ಚಲಕ್ಕಿಯೂ ಫ್ರೋಜನ್ ತೆಂಗಿನ ತುರಿಯೂ ಸಿಗುತ್ತವೆ. ಮಳೆಗೆ ನಾವು ಹೆದರುವವರಲ್ಲ, ಆದರೆ ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುವುದಕ್ಕೆ ಮನಸ್ಸನ್ನು ಸಿದ್ಧಮಾಡಿಕೊಳ್ಳಬೇಕು. ಹೆಣ್ಣುಮಕ್ಕಳ ತಂದೆತಾಯಂದಿರು ಮಾಗ್ಡೆಬರ್ಗ್, ಕೆಮ್ನಿಟ್ಸ್‌ಗಳಿರುವ ಪೂರ್ವ ಜರ್ಮನಿಯ ಸುರಕ್ಷತೆಯ ಬಗ್ಗೆ ಕೇಳುವುದು ಅನಗತ್ಯವಲ್ಲ. ಆ ಭಾಗದ ಇನ್ನೊಂದು ವಿಶ್ವವಿದ್ಯಾಲಯದ ಊರಾದ ಇಲ್ಮೆನಾವ್ ಇರುವ ತ್ಯೂರಿಂಗಿಯಾ ರಾಜ್ಯದಲ್ಲಿ ವಲಸೆಯನ್ನು ವಿರೋಧಿಸುವ ಎಎಫ್‌ಡಿ ಪಕ್ಷ 2024ರ ಸೆಪ್ಟೆಂಬರ್ ಚುನಾವಣೆಯಲ್ಲಿ ಮೊದಲ ಸ್ಥಾನಕ್ಕೆ ಬಂತು. ಅಗ್ಗದ ಬಾಡಿಗೆಯ ಲೆಕ್ಕದಲ್ಲಿ ಇದನ್ನೂ ಬರೆದುಕೊಳ್ಳಬೇಕು. ಈ ಬಗ್ಗೆ ನನ್ನನ್ನಾಗಲಿ ಏಜೆಂಟರನ್ನಾಗಲಿ ಕೇಳುವುದಕ್ಕಿಂತ, ಆ ಊರಿನಲ್ಲಿ ಈಗ ಓದುತ್ತಿರುವ ಹುಡುಗಿಯೊಬ್ಬಳನ್ನು ರಾತ್ರಿಯ ಟ್ರ್ಯಾಮಿನ ಬಗ್ಗೆ, ಕೋಣೆಯಿರುವ ಬೀದಿಯ ಬಗ್ಗೆ ಕೇಳಿ.

ಸೀಟಿನ ಪತ್ರ ಬಂದ ದಿನವೇ ಎರಡೂ ಊರುಗಳ ವಿದ್ಯಾರ್ಥಿ ನಿಲಯಗಳಿಗೆ ಅರ್ಜಿ ಹಾಕಿ. ಕೆಲವು ಕಡೆ ಪತ್ರ ಬರುವ ಮೊದಲೇ ತೆಗೆದುಕೊಳ್ಳುತ್ತಾರೆ. ಮ್ಯೂನಿಕ್‌ನ ಸರದಿ ಒಂದೆರಡು ಸೆಮಿಸ್ಟರ್ ದಾಟುವುದೂ ಉಂಟು. ತರಗತಿ ಅಕ್ಟೋಬರಿನಲ್ಲಿ ಶುರುವಾಗುತ್ತದೆ, ಜುಲೈ ಕೊನೆಯೊಳಗೆ ಯಾವ ಊರಿನಿಂದ ಕೋಣೆ ಗ್ಯಾರಂಟಿ ಎಂಬ ಉತ್ತರ ಬರುತ್ತದೋ ನೋಡಿ, ಆಮೇಲೆ ಇನ್ನೊಂದು ಸೀಟನ್ನು ಬಿಟ್ಟುಕೊಡಿ.