ಬೂಷ್ಟು ಹಿಡಿದು ವಾಪಸ್ ಬಂದ ಪುಸ್ತಕ

ಟೊರೊಂಟೊದಿಂದ ಉಡುಪಿಗೆ ನಾನು ಹೊತ್ತು ತಂದ ಮೊದಲ ಪುಸ್ತಕ ಎರಡು ವರ್ಷ ಬಿಟ್ಟು ನನ್ನ ಕೈಗೇ ವಾಪಸ್ ಬಂತು, ಬೂಷ್ಟು ಹಿಡಿದು. ಎರಡು ಮಳೆಗಾಲ ಕಂಡಿತ್ತು ಪಾಪ. ರಟ್ಟಿನ ಮೇಲೆಲ್ಲ ಬಿಳಿ ಚುಕ್ಕೆ, ಮೂಸಿದರೆ ಒಣಗದ ಕೊಡೆಯ ವಾಸನೆ. 38ನೇ ಪುಟದಲ್ಲಿ ಮಲ್ಪೆ ಬಸ್ಸಿನ ಟಿಕೆಟ್ ಒಂದು ಮಡಚಿ ಇಟ್ಟಿತ್ತು. ಅದರಿಂದಾಚೆ ಯಾರೂ ಹೋದ ಗುರುತಿಲ್ಲ.

"ಎಂತ ಮಾರಾಯ, ಓದಿಲ್ವಾ?" ಅಂತ ವಾಪಸ್ ಕೊಟ್ಟ ಗೆಳೆಯನನ್ನು ಕೇಳಿದೆ.

"ಕೂತೆ ಮಾರಾಯ, ಸುಳ್ಳು ಯಾಕೆ ಹೇಳುದು. ಆದ್ರೆ ಎರಡು ಸಾಲಿಗೊಂದು ಹೊಸ ಶಬ್ದ. ಪ್ರತಿ ಸಲ ಹಿಂದಿನ ಪುಟ ತೆಗೆದು ಅರ್ಥ ನೋಡ್ಬೇಕು. ಅದೆಂತ ಕತೆಯಾ, ಪರೀಕ್ಷೆಯಾ?"

ಪುಸ್ತಕ ಫ್ರಾಂಕ್ ಹರ್ಬರ್ಟ್‌ನ 'ಡ್ಯೂನ್', 1965ರದ್ದು. ನಿಜವಾಗಿಯೂ ಅದರ ಕೊನೆಯಲ್ಲಿ ಒಂದು ಶಬ್ದಕೋಶ ಇದೆ. ಇಪ್ಪತ್ತಕ್ಕೂ ಜಾಸ್ತಿ ಪ್ರಕಾಶಕರು ಬೇಡ ಅಂದ ಮೇಲೆ, ಕಾರು ರಿಪೇರಿಯ ಪುಸ್ತಕಗಳಿಗೆ ಹೆಸರಾಗಿದ್ದ ಒಂದು ಕಂಪನಿ ಅದನ್ನು ಅಚ್ಚು ಹಾಕಿತ್ತು. ನನ್ನ ಗೆಳೆಯನನ್ನು ಕೇಳಿದರೆ ಆ ಇಪ್ಪತ್ತು ಜನರದ್ದೇ ಸರಿ.

ತಪ್ಪು ನನ್ನದೇ. ನನಗೆ ಇಷ್ಟ ಆಯ್ತು, ಅವನಿಗೂ ಆಗಬೇಕು ಅಂತ ಕೈಗೆ ತುರುಕಿದ್ದೆ. ಅವನಿಗೆ ಎಂಥದ್ದು ರುಚಿ, ಓದಲಿಕ್ಕೆ ಹೊತ್ತು ಯಾವಾಗ ಸಿಗ್ತದೆ, ಒಂದೂ ಕೇಳಲಿಲ್ಲ. ಪಂಕ್ತಿಯಲ್ಲಿ ಕೂತವ ಕೈ ಅಡ್ಡ ಹಿಡಿದರೂ ಎಲೆಗೆ ಸುರಿದು ಹೋಗುವವರು ಇರ್ತಾರಲ್ವಾ, ಆ ಜಾತಿ.

ಹೇಗೆ ಕೇಳಬೇಕು ಅಂತ ನನಗೆ ಗೊತ್ತಾದದ್ದು ಇಲ್ಲಿ, ಟೊರೊಂಟೊದ ಒಂದು ಲೈಬ್ರರಿಯಲ್ಲಿ. ಕಾಲೇಜ್ ಸ್ಟ್ರೀಟ್‌ನಲ್ಲಿ ಲಿಲಿಯನ್ ಎಚ್. ಸ್ಮಿತ್ ಹೆಸರಿನ ಸಾರ್ವಜನಿಕ ಗ್ರಂಥಾಲಯ ಇದೆ. ಬಾಗಿಲಿನ ಎರಡೂ ಬದಿ ಕಂಚಿನ ಮೃಗಗಳು ಕೂತಿವೆ, ಒಂದು ಹದ್ದಿನ ತಲೆ, ಸಿಂಹದ ಮೈಯ ಗ್ರಿಫಿನ್, ಇನ್ನೊಂದು ರೆಕ್ಕೆಯ ಸಿಂಹ. ಮೊದಲ ಸಲ ನೋಡಿದಾಗ ದೇವಸ್ಥಾನದ ಮೆಟ್ಟಿಲ ಹತ್ತಿರ ಬಂದ ಹಾಗೆ ಆಗಿ ಚಪ್ಪಲಿ ಎಲ್ಲಿ ಬಿಡುವುದು ಅಂತ ಒಂದು ಕ್ಷಣ ಯೋಚಿಸಿದ್ದೆ. ಕಾಲಲ್ಲಿದ್ದದ್ದು ಹಿಮದ ಬೂಟು ಅನ್ನುವುದು ಬೇರೆ ಮಾತು.

ಅದರ ಮೂರನೇ ಮಹಡಿಯಲ್ಲಿ ಬರೀ ವಿಜ್ಞಾನ ಕತೆ, ಫ್ಯಾಂಟಸಿ, ಇಂಥದ್ದೇ ಸಂಗ್ರಹ. ಹೆಸರು ಮೆರಿಲ್ ಕಲೆಕ್ಷನ್. ಜುಡಿತ್ ಮೆರಿಲ್ ಅಂತ ಒಬ್ಬ ಲೇಖಕಿ, ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಮೇಲೆ ಬೇಜಾರಾಗಿ ಕೆನಡಾಕ್ಕೆ ಬಂದವರು. 1970ರಲ್ಲಿ ತಮ್ಮ ಹತ್ತಿರ ಇದ್ದ ಸುಮಾರು 5,000 ಪುಸ್ತಕ, ಪತ್ರಿಕೆಗಳನ್ನು ನಗರದ ಗ್ರಂಥಾಲಯಕ್ಕೆ ಕೊಟ್ಟುಬಿಟ್ಟರು. ಆಗ ಇಟ್ಟ ಹೆಸರು 'ಸ್ಪೇಸ್ಡ್ ಔಟ್ ಲೈಬ್ರರಿ'. ಬಾಹ್ಯಾಕಾಶವೂ ಬಂತು, ತಲೆ ಎಲ್ಲೋ ತೇಲುತ್ತಿರುವವರೂ ಬಂದರು. ಅಲ್ಲಿನ ಪುಸ್ತಕ ಮನೆಗೆ ಒಯ್ಯಲಿಕ್ಕೆ ಇಲ್ಲ. ಅಲ್ಲೇ ಕೂತು ಓದಬೇಕು. ಜನವರಿಯಲ್ಲಿ ಹೊರಗೆ ಮೈನಸ್ 15 ಇರುವಾಗ ಅದೇನು ದೊಡ್ಡ ಶಿಕ್ಷೆ ಅಲ್ಲ ಬಿಡಿ.

ಅಲ್ಲಿ ಒಂದು ಮಧ್ಯಾಹ್ನ ಪಕ್ಕದ ಮೇಜಿನಲ್ಲಿ ಕೂತ ವಯಸ್ಸಾದ ಹೆಂಗಸು ನನ್ನನ್ನು ಮಾತಿಗೆಳೆದರು. ಒಳ್ಳೆಯದು ಯಾವುದಾದರೂ ಇದ್ದರೆ ಹೇಳಿ ಅಂತ ನಾನು ಕೇಳಿದೆ. ಅವರು ಉತ್ತರ ಕೊಡಲಿಲ್ಲ, ತಿರುಗಿ ಕೇಳಿದರು: ಅರ್ಧಕ್ಕೆ ಬಿಟ್ಟ ಪುಸ್ತಕ ಯಾವುದು? ಎಷ್ಟನೇ ಪುಟಕ್ಕೆ? ಯಾಕೆ?

ನನಗೆ ನಾಚಿಕೆಯಾಯ್ತು. ಯಾಕೆಂದರೆ ನಾನು ಬಿಟ್ಟ ಪುಸ್ತಕಗಳ ಪಟ್ಟಿ ಓದಿದ ಪಟ್ಟಿಗಿಂತ ಉದ್ದ ಇದೆ. ಹೇಳುತ್ತಾ ಹೋದೆ, ಅವರು ಗುರುತು ಹಾಕಿಕೊಳ್ಳುತ್ತಾ ಹೋದರು, ಕೊನೆಗೆ ನಿನಗೆ ಯುದ್ಧ ಬೇಡ, ಊರು ಬೇಕು, ಊರಿನ ಜಗಳ ಬೇಕು ಅಂದರು. ನನ್ನ ಜಾತಕವನ್ನು ಇಷ್ಟು ಬೇಗ ನಮ್ಮ ಜೋಯಿಸರೂ ಹೇಳಿರಲಿಲ್ಲ.

ಆಮೇಲಿನ ಡಿಸೆಂಬರ್‌ನಲ್ಲಿ ಊರಿಗೆ ಬಂದಾಗ ಅದೇ ಪ್ರಶ್ನೆ ಹಿಡಿದುಕೊಂಡು ಬಂದೆ. ಎರಡು ಬ್ಯಾಗು, ಒಂದೊಂದಕ್ಕೆ 23 ಕೆಜಿ. ಹೆಂಡತಿಯ ಚಾಕಲೇಟು, ನನ್ನ ಪುಸ್ತಕ. ತೂಕದ ಯಂತ್ರದ ಮುಂದೆ ನಡೆದ ಜಗಳವನ್ನು ಇಲ್ಲಿ ಬರೆಯುವುದಿಲ್ಲ.

ಮೊದಲು ಅದೇ ಗೆಳೆಯ. ಅವನಿಗೆ ಮಲ್ಪೆಯಲ್ಲಿ ಒಂದು ಟ್ರಾಲರ್ ಬೋಟಿನಲ್ಲಿ ಪಾಲು ಇದೆ. ಓದಲಿಕ್ಕೆ ಹೊತ್ತು ಯಾವಾಗ ಅಂತ ಕೇಳಿದೆ. ಜೂನ್ 1ರಿಂದ ಜುಲೈ 31 ಅಂದ, ಬ್ಯಾಂಕಿನವರು ಕೆಲಸದ ಹೊತ್ತು ಹೇಳಿದ ಹಾಗೆ. ಮೀನುಗಾರಿಕೆ ನಿಷೇಧದ 61 ದಿನ ಬೋಟು ದಡದಲ್ಲಿ, ಇವನು ಮನೆಯಲ್ಲಿ. ಡ್ಯೂನ್ ಯಾಕೆ ಬಿಟ್ಟೆ ಅಂತ ಇನ್ನೊಮ್ಮೆ ಕೆದಕಿದೆ. "ನೀರೇ ಇಲ್ಲ ಮಾರಾಯ ಅದರಲ್ಲಿ. ಬರೀ ಹೊಯ್ಗೆ." ಮರುಭೂಮಿ ಗ್ರಹದ ಕತೆಯನ್ನು ನಾನು ಕೊಟ್ಟದ್ದು ಸಮುದ್ರದವನಿಗೆ!

ಅವನಿಗೆ ಅರ್ಸುಲಾ ಕೆ. ಲೆ ಗ್ವಿನ್ ಬರೆದ 'ಎ ವಿಝರ್ಡ್ ಆಫ್ ಅರ್ಥ್‌ಸೀ' ಕೊಟ್ಟೆ. 1968ರದ್ದು, ತೆಳ್ಳಗೆ ಸುಮಾರು 200 ಪುಟ. ಇಡೀ ಜಗತ್ತೇ ದ್ವೀಪಗಳು, ನಡುವೆ ಕಡಲು. ಆಡು ಮೇಯಿಸುವ ಹುಡುಗ ಮಂತ್ರ ಕಲಿಯುತ್ತಾನೆ, ಸೊಕ್ಕಿನಲ್ಲಿ ಒಂದು ಎಡವಟ್ಟು ಮಾಡಿಕೊಳ್ಳುತ್ತಾನೆ, ಆಮೇಲೆ ದೋಣಿ ಹತ್ತಿ ಅದರ ಬೆನ್ನು ಬೀಳುತ್ತಾನೆ. ಯಾವುದೇ ವಸ್ತುವಿನ ನಿಜವಾದ ಹೆಸರು ಗೊತ್ತಾದರೆ ಅದು ನಿಮ್ಮ ಮಾತು ಕೇಳುತ್ತದೆ. ಗಾಳಿಯನ್ನು ಕರೆದು ಹಾಯಿ ತುಂಬಿಸಬಹುದು, ಆದರೆ ಇಲ್ಲಿ ಮಳೆ ತರಿಸಿದರೆ ಇನ್ನೆಲ್ಲೋ ಬರ ಬಿದ್ದೀತು, ಹುಷಾರು ಅಂತ ಗುರುಗಳು ಎಚ್ಚರಿಸುತ್ತಾರೆ. ಇನ್ನೊಂದು ವಿಷಯ, ಈ ಹುಡುಗನ ಮೈಬಣ್ಣ ಕೆಂಪು ಮಿಶ್ರಿತ ಕಂದು, ಅವನ ಗೆಳೆಯ ಕಪ್ಪು. ಎಷ್ಟೋ ಮುಖಪುಟಗಳಲ್ಲಿ ಅವನನ್ನು ಬಿಳಿಯ ಮಾಡಿಬಿಟ್ಟಿದ್ದರು, 2004ರ ಟಿವಿ ಸರಣಿಯಲ್ಲೂ. ಲೇಖಕಿ ಸಿಟ್ಟಾಗಿ ಬಹಿರಂಗವಾಗಿಯೇ ಬರೆದರು.

ಜೂನ್ ಎರಡನೇ ವಾರ ರಾತ್ರಿ ಫೋನ್ ಬಂತು, ಹಿಂದಿನಿಂದ ಹಂಚಿನ ಮೇಲೆ ಮಳೆಯ ಸದ್ದು. "ಮುಗೀತು. ದೋಣಿ ನಡೆಸುದು ಆ ಹೆಂಗಸಿಗೆ ಗೊತ್ತುಂಟು." ಅವನಿಂದ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ.

ಇಲ್ಲಿ ಒಂದು ಮಾತು. ಫ್ಯಾಂಟಸಿ ಅಂದರೆ ಮಕ್ಕಳಿಗೆ, ನಮ್ಮದಲ್ಲ, ಇಂಗ್ಲಿಷಿನವರ ಹುಚ್ಚು ಅಂತ ಊರಿನಲ್ಲಿ ಹೇಳುವವರು ಜಾಸ್ತಿ. ಹೇಳುವವರು ಯಾರು? ಚಳಿಯಲ್ಲಿ ಶಾಲು ಹೊದ್ದು ಬೆಳಗಿನವರೆಗೆ ಯಕ್ಷಗಾನದ ಆಟ ನೋಡಿದವರು! ಅಡ್ಡ ಹಿಡಿದ ತೆರೆಯ ಹಿಂದೆ ಬಣ್ಣದ ವೇಷ ಅಬ್ಬರಿಸುವಾಗ, ದೊಂದಿಗೆ ರಾಳದ ಪುಡಿ ಎಸೆದು ಭಗ್ಗಂತ ಬೆಂಕಿ ಎದ್ದಾಗ, ಅಮ್ಮನ ಸೆರಗಿನ ಒಳಗೆ ತಲೆ ಹುಗಿಸಿ ಒಂದು ಕಣ್ಣು ಮಾತ್ರ ಹೊರಗಿಟ್ಟವರು ನಾವು. ಮಕ್ಕಳ ಪತ್ರಿಕೆ ಬಾಲಮಂಗಳದಲ್ಲಿ ಡಿಂಗ ಹಾರುತ್ತಿದ್ದ, ಅವನಿಗೆ ಶಕ್ತಿ ಬಂದದ್ದು ಬೇರೆ ಗ್ರಹದವರಿಂದ. ಇದು ಪಕ್ಕಾ ವಿಜ್ಞಾನ ಕತೆ, ನಮಗೆ ಹಾಗೆ ಕರೆಯುತ್ತಾರೆ ಅಂತ ಗೊತ್ತಿರಲಿಲ್ಲ ಅಷ್ಟೇ.

ಆಟದಲ್ಲಿ ಇನ್ನೊಂದು ಇತ್ತು. ನಡುರಾತ್ರಿ ನಿದ್ದೆಯಿಂದ ಎದ್ದು ನೋಡಿದರೆ ರಂಗದ ಮೇಲೆ ಯಾರೋ ಯಾರನ್ನೋ ಹೀಯಾಳಿಸುತ್ತಿದ್ದ. ಯಾರು, ಯಾಕೆ, ಒಂದೂ ತಿಳಿಯದು. ಪಕ್ಕದಲ್ಲಿ ಕೂತ ಯಾರದೋ ಅಜ್ಜ ಕಡಲೆ ಬಾಯಿಗೆ ಹಾಕುತ್ತಾ, "ಇವ ಅವನ ಮಗ, ತಪಸ್ಸು ಮಾಡಿ ವರ ತಕೊಂಡಿದ್ದಾನೆ" ಅಂತ ಎರಡು ಮಾತಿನಲ್ಲಿ ಹೇಳಿಬಿಡುತ್ತಿದ್ದರು. ನಾನು ಡ್ಯೂನ್ ಕೊಟ್ಟಾಗ ಆ ಅಜ್ಜನ ಕೆಲಸ ಮಾಡಲಿಲ್ಲ. ಪುಸ್ತಕ ಕೊಟ್ಟು ವಿಮಾನ ಹತ್ತಿದೆ.

ಈಗ ಅಕ್ಕನ ಮಗಳ ವಿಷಯ. ಮಣಿಪಾಲದಲ್ಲಿ ಓದುತ್ತಿದ್ದಾಳೆ. ದೊಡ್ಡ ಜನದ ಹಾಗೆ ಲಿಯು ಸಿಶಿನ್‌ನ 'ದಿ ತ್ರೀ-ಬಾಡಿ ಪ್ರಾಬ್ಲಮ್' ಅವಳ ಮುಂದೆ ಇಟ್ಟೆ. 2015ರಲ್ಲಿ ವಿಜ್ಞಾನ ಕತೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಪಡೆದದ್ದು, ಅನುವಾದದ ಕಾದಂಬರಿಗೆ ಅದು ಸಿಕ್ಕಿದ್ದು ಅದೇ ಮೊದಲು ಅಂತೆಲ್ಲ ಶುರು ಮಾಡಿದೆ.

"ಮಾವ, ಅದು ನಾನು ಎರಡು ವರ್ಷದ ಹಿಂದೆಯೇ ಓದಿಯಾಯ್ತು. ಚೀನೀ ಪುಸ್ತಕದಲ್ಲಿ ಸಾಂಸ್ಕೃತಿಕ ಕ್ರಾಂತಿಯ ಭಾಗ ಮಧ್ಯದಲ್ಲಿ ಉಂಟಂತೆ, ಇಂಗ್ಲಿಷ್‌ನಲ್ಲಿ ಅದನ್ನು ಮೊದಲಿಗೆ ತಂದದ್ದು. ಗೊತ್ತುಂಟಾ ನಿಮಗೆ?"

ಗೊತ್ತಿರಲಿಲ್ಲ. ಆ ಪುಸ್ತಕದಲ್ಲಿ ಯೋಚನೆಗಳು ಬೆಟ್ಟದಷ್ಟು, ಮನುಷ್ಯರು ಮಾತ್ರ ಕಾಗದದ ಹಾಗೆ ಅಂತ ನನ್ನ ಅಭಿಪ್ರಾಯ. ಅವಳದ್ದು ಬೇರೆ. ಅರ್ಧ ಗಂಟೆ ವಾದ ಆಯ್ತು, ಅಕ್ಕ ಚಹಾ ಆರುತ್ತದೆ ಅಂತ ಮೂರು ಸಲ ಕೂಗಿದಳು. ಕೊನೆಗೆ ಅವಳೇ ನನಗೆ ಪುಸ್ತಕ ಹೇಳಿದಳು. ಟೆರ್ರಿ ಪ್ರಾಚೆಟ್‌ನ ಡಿಸ್ಕ್‌ವರ್ಲ್ಡ್. ಒಂದು ದೊಡ್ಡ ಆಮೆ, ಅದರ ಬೆನ್ನ ಮೇಲೆ ನಾಲ್ಕು ಆನೆ, ಆನೆಗಳ ಮೇಲೆ ತಟ್ಟೆಯ ಹಾಗೆ ಚಪ್ಪಟೆ ಭೂಮಿ.

"ಇದು ನಮ್ಮದೇ ಅಲ್ವಾ?" ಅಂದೆ.

"ನಮ್ಮಲ್ಲಿ ಎಂಟು ಆನೆ. ಅವರಿಗೆ ಬಜೆಟ್ ಕಡಿಮೆ."

1983ರಿಂದ 2015ರ ತನಕ ಒಟ್ಟು 41 ಕಾದಂಬರಿ. ನಾನು ಒಂದನೆಯದರಿಂದ ಶುರು ಮಾಡುತ್ತೇನೆ ಅಂದದ್ದಕ್ಕೆ ಬೈಸಿಕೊಂಡೆ. ಮೊದಲ ಒಂದೆರಡರಲ್ಲಿ ಲೇಖಕನಿಗೇ ಇನ್ನೂ ಕೈ ಕೂತಿಲ್ಲವಂತೆ. ಎಂಟನೆಯದು, 1989ರ 'ಗಾರ್ಡ್ಸ್! ಗಾರ್ಡ್ಸ್!' ತಗೊಳ್ಳಿ, ಕೆಲಸಕ್ಕೆ ಬಾರದ ನಾಲ್ಕು ಪೊಲೀಸರು, ಊರಿಗೆ ಡ್ರ್ಯಾಗನ್ ಬರುತ್ತದೆ, ಅಷ್ಟು ಸಾಕು ಅಂದಳು. ಅವಳು ಸರಿ. ಟೊರೊಂಟೊ ಮೆಟ್ರೊದಲ್ಲಿ ಒಬ್ಬನೇ ನಕ್ಕು, ಎದುರು ಕೂತವರು ಸೀಟು ಬದಲಾಯಿಸುವ ಹಾಗೆ ಮಾಡಿಕೊಂಡೆ.

ನಾನು ಮಾತ್ರ ಅವಳಿಗೆ ಒಂದು ಬುದ್ಧಿ ಹೇಳಿ ಬಂದೆ. ಮುಗಿಯದ ಸರಣಿಯನ್ನು ಯಾರಿಗೂ ಕೊಡಬೇಡ. ಜಾರ್ಜ್ ಆರ್. ಆರ್. ಮಾರ್ಟಿನ್ 1996ರಲ್ಲಿ ಶುರು ಮಾಡಿದ ಕತೆಯ ಐದನೇ ಭಾಗ ಬಂದದ್ದು 2011ರಲ್ಲಿ. ಆರನೆಯದಕ್ಕೆ ಜನ ಇನ್ನೂ ಕಾಯುತ್ತಿದ್ದಾರೆ. ಪ್ರಸಂಗ ಅರ್ಧ ಆಗುವಾಗ ಮೇಳ ಇಡೀ ಚೌಕಿಗೆ ಹೋಗಿ ಬಣ್ಣ ತೆಗೆದು ಮಲಗಿದರೆ ನಾವು ಬಿಡ್ತೇವಾ?

ಕನ್ನಡದಲ್ಲಿ ಎಂಥದ್ದುಂಟು ಅಂತ ಕೇಳುತ್ತಾರೆ. ರಾಜಶೇಖರ ಭೂಸನೂರಮಠರು ವಿಜ್ಞಾನ ಕತೆಗಳನ್ನು ಹಟ ಹಿಡಿದು ಬರೆದವರು, ಹಳೆ ಲೈಬ್ರರಿಗಳಲ್ಲಿ ಹುಡುಕಿ. "ನಾನು ಇಂಥದ್ದೆಲ್ಲ ಓದುವುದಿಲ್ಲ" ಅನ್ನುವವರಿಗೆ ನಾನು ಮೊದಲು ಕೊಡುವುದು ತೇಜಸ್ವಿಯವರ 'ಕರ್ವಾಲೋ'. 1980ರದ್ದು. ಅದು ವಿಜ್ಞಾನ ಕತೆಯೇ ಅಂತ ಜಗಳ ಮಾಡುವವರು ಮಾಡಲಿ, ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋದವರ ಜೊತೆ ಕಾಡಿನ ತುದಿ ತನಕ ಹೋಗಿ ನಿಂತವರಿಗೆ ಆಮೇಲೆ ಯಾವ ಗ್ರಹವೂ ದೂರ ಅಲ್ಲ.

ಕೊನೆಗೆ ಉಳಿದದ್ದು ದೊಡ್ಡಪ್ಪ. ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರ್ ಆಗಿ ರಿಟೈರ್ ಆದವರು. ಕತೆ ಪುಸ್ತಕ ಮುಟ್ಟುವವರಲ್ಲ. ಅರ್ಧಕ್ಕೆ ಬಿಟ್ಟ ಪುಸ್ತಕ ಯಾವುದು ಅಂತ ಅವರನ್ನೂ ಕೇಳಿದೆ. "ಎಲ್ಲವೂ. ಮದುವೆ ಯಾವಾಗ ಅಂತ ಕಾಯ್ಲಿಕ್ಕೆ ನನಗೆ ಪುರುಸೊತ್ತಿಲ್ಲ" ಅಂದರು. ಸರಿ, ಮದುವೆ ಇಲ್ಲದ್ದು ಹುಡುಕಿದೆ.

ಆರ್ಥರ್ ಸಿ. ಕ್ಲಾರ್ಕ್‌ನ 'ದಿ ಫೌಂಟನ್ಸ್ ಆಫ್ ಪ್ಯಾರಡೈಸ್', 1979. ಕ್ಲಾರ್ಕ್ 1956ರಿಂದ 2008ರಲ್ಲಿ ತೀರಿಹೋಗುವ ತನಕ ಶ್ರೀಲಂಕಾದಲ್ಲೇ ಇದ್ದ ಮನುಷ್ಯ. ಈ ಕತೆಗಾಗಿ ಆ ದ್ವೀಪವನ್ನು ಸ್ವಲ್ಪ ದಕ್ಷಿಣಕ್ಕೆ ಜಗ್ಗಿ ಭೂಮಧ್ಯರೇಖೆಯ ಮೇಲೆ ಕೂರಿಸಿದ್ದಾನೆ. ಯಾಕೆಂದರೆ ಅಲ್ಲಿಂದ ಆಕಾಶಕ್ಕೆ ಲಿಫ್ಟ್ ಹಾಕಬೇಕು. ಸುಮಾರು 36,000 ಕಿಲೋಮೀಟರ್ ಮೇಲೆ ಉಪಗ್ರಹ ಭೂಮಿ ತಿರುಗಿದಷ್ಟೇ ಹೊತ್ತಿನಲ್ಲಿ ಒಂದು ಸುತ್ತು ಬರುತ್ತದೆ, ನೆಲದಿಂದ ನೋಡಿದರೆ ಒಂದೇ ಕಡೆ ನಿಂತ ಹಾಗೆ. ಅಲ್ಲಿಂದ ಬಾವಿಗೆ ಹಗ್ಗ ಬಿಟ್ಟ ಹಾಗೆ ಕೇಬಲ್ ಇಳಿಸಿದರೆ ಆಯ್ತು. ಹಗ್ಗದ ಬುಡ ಊರಲಿಕ್ಕೆ ಸರಿಯಾದ ಜಾಗ ಒಂದೇ ಒಂದು ಬೆಟ್ಟ. ಆ ಬೆಟ್ಟದ ಮೇಲೆ ಬೌದ್ಧ ಸನ್ಯಾಸಿಗಳ ಹಳೇ ಮಠ ಇದೆ. ಅವರು ಜಾಗ ಬಿಡುವುದಿಲ್ಲ.

ಇಷ್ಟು ಹೇಳಿದೆ ನೋಡಿ, ದೊಡ್ಡಪ್ಪ ಈಸಿಚೇರಿನಲ್ಲಿ ಎದ್ದು ಕೂತರು. "ಪರಿಹಾರ ಎಷ್ಟು ಕೊಟ್ಟ?"

ಹೆದ್ದಾರಿ ಅಗಲ ಮಾಡುವ ಕಾಲದಲ್ಲಿ ಅಳತೆ ಟೇಪು ಹಿಡಿದು ಜನರ ಬಾಯಿಗೆ ಬಿದ್ದವರು ಅವರು. ಈ ಸಲ ಅಜ್ಜನ ಕೆಲಸವನ್ನೂ ಮಾಡಿದೆ. ಮೂರು ದಿನ ಸಂಜೆ ಚಾವಡಿಯಲ್ಲಿ ಪಕ್ಕದಲ್ಲಿ ಕೂತು ಮೊದಲ ಅಧ್ಯಾಯಗಳನ್ನು ಜೊತೆಗೇ ಓದಿದೆ. ಅವರು ಸ್ಕೇಲಿಟ್ಟು ಸಾಲು ಎಳೆಯುತ್ತಾ, ಪೆನ್ಸಿಲಿನಲ್ಲಿ ಬದಿಗೆ ಕನ್ನಡದಲ್ಲಿ ಬರೆಯುತ್ತಾ ಹೋದರು. ಒಂದು ಕಡೆ "ಮಣ್ಣು ಪರೀಕ್ಷೆ ಆಗಿದೆಯಾ?" ಇನ್ನೊಂದು ಕಡೆ "ಇದು ಟೆಂಡರ್‌ನಲ್ಲಿ ಇರಲಿಲ್ಲ." ಪುಟದ ತಲೆಯಲ್ಲಿ, ದಪ್ಪಗೆ, "ಗಾಳಿ!!" ನಾನು ಆ ಪುಟಗಳ ಫೋಟೊ ತೆಗೆದಿಟ್ಟಿದ್ದೇನೆ.

ಕಳೆದ ಭಾನುವಾರ ಫೋನ್ ಮಾಡಿದಾಗ ಪುಸ್ತಕ ಮುಗೀತಾ ಅಂತ ಕೇಳಿದೆ.

"ನನ್ನದು ಮುಗೀತು. ಈಗ ದೇವಸ್ಥಾನದ ಮೊಕ್ತೇಸರರಿಗೆ ಹೇಳ್ತಾ ಇದ್ದೇನೆ. ಅವರಿಗೆ ಇಂಗ್ಲಿಷ್ ಓದ್ಲಿಕ್ಕೆ ಕಷ್ಟ. ದಿನಾ ಸಂಜೆ ಪೂಜೆ ಆದ ಮೇಲೆ ಸ್ವಲ್ಪ ಸ್ವಲ್ಪ."

"ಅವರಿಗೆ ಹಿಡಿಸಿತಾ?"

"ಎಂತ ಕೇಳ್ತಿ! ಮೊನ್ನೆ ಆರು ಜನ ಇದ್ರು. ಹೂ ಕಟ್ಟುವವಳು ಕೆಲಸ ಮುಗಿಸಿಯೂ ಹೋಗ್ಲಿಲ್ಲ. ಸನ್ಯಾಸಿಗಳು ಬೆಟ್ಟ ಬಿಟ್ರಾ ಇಲ್ವಾ ಹೇಳಿ ಅಂತ ಒಂದೇ ಹಟ. ನಾಳೆ ಬನ್ನಿ ಅಂತ ಕಳಿಸಿದೆ."